ಸಾಕ್ಷಿಕಂಬ ತೊಳೆದ ಓಣಿ

ನಿಮ್ಮ ಬೀದಿಯ ನಾಯಿಯ ಪಾದವನ್ನು ನೀವು ಎಂದಾದರೂ ಎತ್ತಿ ನೋಡಿದ್ದೀರಾ?

ಉತ್ತರಕ್ಕಾಗಿ ಕಾಯುವ ಅಗತ್ಯ ನನಗಿಲ್ಲ. ಅದು ನಿಮ್ಮ ಬಾಗಿಲಲ್ಲಿ ಮಲಗುತ್ತದೆ. ಅಪರಿಚಿತನೊಬ್ಬ ಗೇಟು ಮುಟ್ಟಿದರೆ ನಿಮಗಿಂತ ಮೊದಲು ಎಚ್ಚರಗೊಳ್ಳುತ್ತದೆ. ಅದು ಕುಂಟುತ್ತ ಬಂದ ದಿನ ಮಾತ್ರ ನೀವು, ಯಾರೋ ಕಲ್ಲು ಹೊಡೆದಿರಬೇಕು ಎಂದು ಹೇಳಿ ಒಳಗೆ ಹೋಗಿದ್ದೀರಿ. ಬಿಳಿಗುಂಡಿ ಪಟ್ಟಣದವರೂ ಹಾಗೆಯೇ ಹೇಳಿದರು. ಅವರನ್ನು ದೂಷಿಸಲು ಆತುರಪಡಬೇಡಿ. ಅವರು ನಿಮಗಿಂತ ಶುಚಿಯಾದ ಜನ. ಅವರ ತಪ್ಪು ಹುಟ್ಟಿದ್ದೇ ಆ ಶುಚಿತ್ವದಿಂದ.

ಆ ಕಾಲಕ್ಕೆ ಮಲಪ್ರಭೆಯ ದಂಡೆಯ ಊರುಗಳ ನಾಯಿಗಳಲ್ಲಿ ಹೊಸ ರೋಗವೊಂದು ಕಾಣಿಸಿಕೊಂಡಿತ್ತು. ಪಶುವೈದ್ಯರು ತಮ್ಮ ಕಡತಗಳಲ್ಲಿ ಅದನ್ನು ಚರ್ಮ ಮತ್ತು ಮೂತ್ರಪಿಂಡಗಳ ರಕ್ತನಾಳ ರೋಗ ಎಂದು ಬರೆಯುತ್ತಿದ್ದರು. ಜನ ಕಾಲಹುಣ್ಣು ಎನ್ನುತ್ತಿದ್ದರು. ಮೊದಲು ಪಾದದ ಮೇಲೋ ಮೂತಿಯ ಮೇಲೋ ಒಂದು ಕೆಂಪು ಗಾಯ ಕಾಣುತ್ತದೆ. ಮುಳ್ಳು ಚುಚ್ಚಿರುವುದಿಲ್ಲ, ಗಾಜು ಕೊಯ್ದಿರುವುದಿಲ್ಲ. ಒಳಗೆ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಮೇಲಿನ ಚರ್ಮ ಆಹಾರವಿಲ್ಲದೆ ಸತ್ತಿರುತ್ತದೆ. ಕೆಲವೇ ದಿನಗಳಲ್ಲಿ ಮೂತ್ರಪಿಂಡದ ಸೋಸುವ ನಾಳಗಳಲ್ಲಿಯೂ ಅಂಥದೇ ಹೆಪ್ಪು ಕೂರುತ್ತದೆ. ನಾಯಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮೂತ್ರ ನಿಲ್ಲುತ್ತದೆ. ಗಾಯ ಕಂಡ ದಿನಕ್ಕೂ ಸಾವಿಗೂ ನಡುವೆ ಹೆಚ್ಚೆಂದರೆ ಒಂದು ವಾರ. ಕೆಸರಿನ ದಿನಗಳಲ್ಲಿ ಹೆಚ್ಚು ಎಂಬುದನ್ನು ಬಿಟ್ಟರೆ ಕಾರಣ ಯಾರಿಗೂ ತಿಳಿದಿರಲಿಲ್ಲ. ಮನುಷ್ಯರಿಗೆ ಬರುವುದಿಲ್ಲ ಎಂಬುದೊಂದು ಖಚಿತವಾಗಿತ್ತು. ಆದ್ದರಿಂದಲೇ ಜನ ಅದನ್ನು ಸುಲಭವಾಗಿ ಮರೆಯುತ್ತಿದ್ದರು.

ಆ ಒಂದು ವಾರ ಕೈತಪ್ಪದಿರಲೆಂದು ಸಾಕ್ಷಿಕಂಬಗಳನ್ನು ತಯಾರಿಸಿದರು. ಬೀದಿನಾಯಿಯನ್ನು ಆಸ್ಪತ್ರೆಗೆ ಕರೆತರುವುದು ಕಷ್ಟ. ಆದರೆ ಬೀದಿಯ ಕಂಬದ ಬಳಿಗೆ ಅದು ತಾನಾಗಿಯೇ ದಿನಕ್ಕೆ ಐದಾರು ಸಲ ಬರುತ್ತದೆ. ಹೀಗೆ ಯೋಚಿಸಿದವರು ಮೊಣಕಾಲೆತ್ತರದ ಸುಟ್ಟಮಣ್ಣಿನ ಕಂಬವೊಂದನ್ನು ಮಾಡಿದರು. ಅದರ ಸುತ್ತ ಒಂದು ಸಣ್ಣ ಕಾಲುವೆ, ಕಾಲೆತ್ತದ ಹೆಣ್ಣುನಾಯಿಗಳಿಗಾಗಿ ಬುಡದಲ್ಲಿ ತಗ್ಗಾದ ತಟ್ಟೆ. ನಾಯಿಯ ಮೂತ್ರದ ಹನಿ ಒಳಗಿನ ಕಾಗದದ ಪಟ್ಟಿಗೆ ಇಳಿಯುತ್ತದೆ. ಮೂತ್ರಪಿಂಡದಿಂದ ಕಳಚಿಬಿದ್ದ ಜೀವಕೋಶಗಳ ಚೂರು ಅದರಲ್ಲಿದ್ದರೆ ಎರಡು ಗಂಟೆಗಳಲ್ಲಿ ಪಟ್ಟಿ ಬಣ್ಣ ತಿರುಗುತ್ತದೆ. ನಾಯಿಯ ಕಿವಿಗೆ ಹಾಕಿದ ಮಣಿಯಿಂದ ಯಾವ ನಾಯಿ ಬಂದಿತ್ತೆಂಬುದು ಕಂಬಕ್ಕೆ ತಿಳಿಯುತ್ತದೆ. ಫಲಿತಾಂಶ ಪಶು ಆಸ್ಪತ್ರೆಯ ನಿಯಂತ್ರಣ ಕೊಠಡಿಗೆ ಹೋಗುತ್ತದೆ: ಹಸಿರು, ಹಳದಿ ಅಥವಾ ಕೆಂಪು. ಕೆಂಪು ಬಂದರೆ ಗಾಡಿ ಹೊರಡುತ್ತದೆ. ನಾಯಿಯನ್ನು ತಂದು ರಕ್ತ ಸೋಸುವ ಯಂತ್ರಕ್ಕೆ ಹಾಕುತ್ತಾರೆ. ಬೇಗ ಬಂದ ಹತ್ತರಲ್ಲಿ ಏಳು ಬದುಕುತ್ತಿದ್ದವು.

ಬಿಳಿಗುಂಡಿಯಲ್ಲಿ ಇಂಥ ಅರವತ್ತನಾಲ್ಕು ಕಂಬಗಳಿದ್ದವು. ಅವುಗಳ ಹೊಣೆ ಡಾಕ್ಟರ್ ನೀಲಗಂಗಾ ಕೌಜಲಗಿಯವರದು. ಬೆಳಗ್ಗೆ ಆರಕ್ಕೆಲ್ಲ ಮನೆಯಿಂದ ಹೊರಟು, ನಿಯಂತ್ರಣ ಕೊಠಡಿಯ ಗೋಡೆಯ ಮೇಲಿನ ಊರಿನ ನಕ್ಷೆಯ ಎದುರು ಅವರು ಕುಳಿತುಬಿಡುತ್ತಿದ್ದರು. ಆ ನಕ್ಷೆಯಲ್ಲಿ ಅತ್ಯಂತ ಹಸಿರಾಗಿದ್ದದ್ದು ಹತ್ತಿಕಾಳ ಓಣಿ, ಅಂದರೆ ಅವರ ಮನೆಯಿದ್ದ ಓಣಿಯೇ. ಅಲ್ಲಿ ಸತತ ನೂರ ಒಂಬತ್ತು ದಿನ ಒಂದೂ ಕೆಂಪು ಬಂದಿರಲಿಲ್ಲ. ಓಣಿಯ ಬಾಯಿಯಲ್ಲಿ ‘ನಿರೋಗಿ ಓಣಿ’ ಎಂಬ ಬೋರ್ಡು ತೂಗುತ್ತಿತ್ತು.

ಒಂದು ಸೋಮವಾರ ಆ ಓಣಿಯಿಂದ ಹುಲಿಗೆವ್ವ ಬಂದಳು. ಓಣಿಯ ಮೂಲೆಯ ಬೇವಿನ ಗಿಡದ ಕೆಳಗೆ ನಲವತ್ತು ವರ್ಷಗಳಿಂದ ಚಪ್ಪಲಿ ಹೊಲಿಯುತ್ತ ಕುಳಿತವಳು ಅವಳು. ಕಂಕುಳಲ್ಲಿ ಗೋಣಿಚೀಲ, ಚೀಲದಿಂದ ಹೊರಗೆ ಒಂದು ಕಂದು ಮುಖ.

"ಬಾಯಾರ, ಇವನ ಕಾಲ ಒಂದೀಟು ನೋಡ್ರಿ."

ನೀಲಗಂಗಾ ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. "ಯಾವ ಓಣಿ ಯವ್ವಾ?"

"ನಿಮ್ಮ ಓಣೀನ ರೀ. ಹೋದ ತಿಂಗಳ ನಿಮ್ಮ ಚಪ್ಪಲಿ ಉಂಗುಟ ಹೊಲದ ಕೊಟ್ಟೇನಿ, ಮರತ್ರೇನು?"

"ಇಲ್ಲ ಇಲ್ಲ, ನೆನಪೈತಿ. ಹೆಸರೇನು?"

"ನಂದೋ, ನಾಯಿದೋ?"

"ನಾಯಿದು."

"ಬಂಟ್ಯಾ. ನಂದು ಯಾರೂ ಕೇಳಂಗಿಲ್ಲ ಬಿಡ್ರಿ."

ನೀಲಗಂಗಾ ನಕ್ಕು, ಮಣಿಯ ಸಂಖ್ಯೆಯನ್ನು ಒತ್ತಿದರು. "ನೋಡ ಇಲ್ಲಿ, ಇವತ್ತ ಮುಂಜಾನೆ ಸುದ್ದಾ ಹಸರ ಬಂದೈತಿ. ಇವಂಗ ಏನೂ ಆಗಿಲ್ಲ. ಗಾಜ ಚುಚ್ಚಿರಬೇಕು."

"ಗಾಜ ಅಲ್ರಿ. ಗಾಜಿನ ಗಾಯಕ್ಕ ಅಂಚ ಇರ್ತೈತಿ. ಇದು ಒಳಗಿಂದ ಬಂದದ್ದು. ಸಣ್ಣಾಕಿ ಇದ್ದಾಗಿಂದ ಐವತ್ತ ವರ್ಷ ತೊಗಲ ಹಿಡದ ಕೈ ರೀ ಇದು. ಯಾವುದು ಜೀವದ್ದು, ಯಾವುದು ಸತ್ತದ್ದು ಅಂತ ನಂಗ ತಿಳ್ಯಂಗಿಲ್ಲೇನು?"

"ಯವ್ವಾ, ಚಪ್ಪಲಿ ತೊಗಲ ಬ್ಯಾರೆ, ಜೀವಂತ ನಾಯಿ ತೊಗಲ ಬ್ಯಾರೆ."

"ಹೌದ್ರಿ. ಅದಕ್ಕ ನಂಗ ಅಂಜಿಕಿ. ಇವನ ಕಾಲಾಗ ಒಂದ ರೂಪಾಯಿ ಅಗಲ ಜಾಗಾ ಆ ಕಡಿ ಹೋಗೇತಿ. ರಕ್ತಾ ತಗದ ನೋಡ್ರಿ."

"ಕೆಂಪ ಬಂದ್ರಷ್ಟ ರಕ್ತಾ ತಗೀತೀವಿ. ಹಂಗ ನಿಯಮ ಐತಿ."

"ನಿಯಮಾ ಬರದವರು ಯಾರ್ರಿ?"

"ನಾನ."

"ಹಂಗಾರ ಅಳಸಾಕೂ ನಿಮಗ ಬರ್ತೈತಲ್ಲ."

ನೀಲಗಂಗಾ ಮತ್ತೊಮ್ಮೆ ನಕ್ಕರು. ಕೆಟ್ಟ ನಗೆಯಲ್ಲ ಅದು; ಪುರಸೊತ್ತಿಲ್ಲದವರ ನಗೆ. ಒಂದು ಮುಲಾಮಿನ ಡಬ್ಬಿಯನ್ನು ಮೇಜಿನ ಮೇಲಿಂದ ಸರಿಸಿ, ನಾಳೆ ಹಳದಿ ಬಂದರೂ ಸಾಕು, ಗಾಡಿ ಕಳಿಸುವೆನೆಂದು ಮಾತು ಕೊಟ್ಟರು. ಅವರ ಕುರ್ಚಿಗೂ ಬಂಟ್ಯಾನ ಪಾದಕ್ಕೂ ನಡುವೆ ಮೂರಡಿ ಅಂತರವಿತ್ತು. ಹದಿನಾರು ವರ್ಷ ಪಶುವೈದ್ಯಶಾಸ್ತ್ರ ಕಲಿತು, ಕಲಿಸಿ, ಬಹುಮಾನ ಪಡೆದ ಆ ವಿದ್ಯಾವಂತೆ ಆ ಮೂರಡಿಯನ್ನು ದಾಟಲಿಲ್ಲ. ಹುಲಿಗೆವ್ವ ನಾಯಿಯನ್ನು ಕಂಕುಳಿಗೇರಿಸಿಕೊಂಡು ತಿರುಗಿ ಹೋದಳು.

ಮಂಗಳವಾರ ಬಂಟ್ಯಾ ಹಸಿರು. ಬುಧವಾರವೂ ಹಸಿರು.

ಗುರುವಾರ ನೀಲಗಂಗಾರಿಗೆ ಮಧ್ಯಾಹ್ನದ ಪಾಳಿ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆರೂವರೆಯ ಹೊತ್ತಿಗೆ ಅವರು ತಮ್ಮ ಅಂಗಳದಲ್ಲಿ ನಿಂತದ್ದು ಬಹಳ ವಿರಳ. ಚಹಾದ ಲೋಟ ಹಿಡಿದು ಹೊರಗೆ ಬಂದರೆ, ಅತ್ತೆ ಗೌರವ್ವ ಸೆರಗು ಸಿಕ್ಕಿಸಿ, ಉದ್ದನೆಯ ಕಸಬರಿಗೆಯಿಂದ ಬಾಗಿಲೆದುರಿನ ಸಾಕ್ಷಿಕಂಬವನ್ನು ತಿಕ್ಕುತ್ತಿದ್ದರು. ಬಕೆಟ್ಟಿನಿಂದ ಫಿನಾಯಿಲಿನ ವಾಸನೆ ಏಳುತ್ತಿತ್ತು. ಪಕ್ಕದಲ್ಲಿ ರಂಗೋಲಿಯ ಡಬ್ಬಿ ತನ್ನ ಸರದಿಗೆ ಕಾಯುತ್ತಿತ್ತು.

"ಅತ್ತೀ, ಏನ ಮಾಡಾಕತ್ತೀರಿ?"

"ಕಾಣವಲ್ದೇನು? ಕಂಬಾ ತೊಳ್ಯಾಕತ್ತೀನಿ."

"ಯಾವಾಗಿಂದ?"

"ನಿಮ್ಮ ಮಂದಿ ನೆಟ್ಟ ಮರುದಿನದಿಂದ. ರಂಗೋಲಿ ಮ್ಯಾಲ ನಾಯಿ ಉಚ್ಚಿ ಹರೀಲೇನು? ಓಣ್ಯಾಗಿನ ಹೆಣಮಕ್ಕಳೆಲ್ಲಾ ಪಾಳಿ ಹಚ್ಚೇವಿ. ಮ್ಯಾಲಿನ ಕಂಬಾ ಶಾಂಭವಿದು, ಗುಡಿ ಮುಂದಿಂದು ತಂಗೆವ್ವಂದು. ಒಂದ ದಿನಾ ತಪ್ಪಿಸಿಲ್ಲ. ಸುಮ್ನ ಬಂತೇನು ನಮ್ಮ ಓಣಿಗೆ ಬೋರ್ಡ? ನೂರಾ ಹನ್ನೆರಡ ದಿನ ಆತು ಇವತ್ತಿಗೆ!"

ನೀಲಗಂಗಾ ಚಹಾದ ಲೋಟವನ್ನು ಮೆಟ್ಟಿಲ ಮೇಲಿಟ್ಟರು. "ಅತ್ತೀ, ಆ ಉಚ್ಚಿ ಎರಡ ತಾಸ ಅಲ್ಲೇ ಇರಬೇಕ್ರಿ. ಅದನ್ನ ನೋಡೇ ಕಂಬಾ ರೋಗ ಹೇಳೂದು."

"ಹೌದೇನು? ಅದನ್ನ ಯಾರ ಹೇಳ್ಯಾರ ನಮಗ? ಮುಟ್ಟಬ್ಯಾಡ್ರಿ ಅಂತ ಬರದಿದ್ರಿ, ಮುಟ್ಟಿಲ್ಲ. ನೋಡು, ಕಸಬರಗಿ ಎಷ್ಟ ಉದ್ದೈತಿ! ತೊಳೀಬ್ಯಾಡ್ರಿ ಅಂತ ಎಲ್ಲಿ ಬರದೀರಿ?"

ಎಲ್ಲಿಯೂ ಬರೆದಿರಲಿಲ್ಲ. ಕಂಬ ನೆಟ್ಟವರು ನಾಯಿಯ ಸ್ವಭಾವವನ್ನು ಮೂರು ವರ್ಷ ಅಧ್ಯಯನ ಮಾಡಿದ್ದರು; ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವ ಹೆಣ್ಣುಮಕ್ಕಳನ್ನು ಒಂದು ದಿನವೂ ಮಾತನಾಡಿಸಿರಲಿಲ್ಲ.

ಆದರೆ ನೀಲಗಂಗಾರ ಎದೆಗೆ ತಟ್ಟಿದ್ದು ಬೇರೆಯದೇ ಮಾತು. ಫಿನಾಯಿಲು ಇಳಿದರೆ ಒಳಗಿನ ಪಟ್ಟಿ ಇಡೀ ದಿನ ಬಣ್ಣ ತಿರುಗುವುದಿಲ್ಲ; ಹಾಗೆ ತೊಳೆದ ಕಂಬದಿಂದ ಫಲಿತಾಂಶ ಬರುವುದಿಲ್ಲ. ಫಲಿತಾಂಶವಿಲ್ಲದ ಕಂಬ ನಕ್ಷೆಯಲ್ಲಿ ಬಿಳಿಯಾಗಿ ತೋರಬೇಕಿತ್ತು. ಮೊದಲು ಹಾಗೆಯೇ ಇತ್ತು. ಉದ್ಘಾಟನೆಗೆ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಗೋಡೆ ನೋಡಿ, "ಇದೇನ್ರಿ ಡಾಕ್ಟರ, ಅರ್ಧಾ ಊರಿಗೆ ಸುಣ್ಣಾ ಬಳದಂಗ ಐತಲ್ಲ" ಎಂದು ಎಲ್ಲರೆದುರು ನಗೆಯಾಡಿದ್ದರು. ಅದೇ ಸಂಜೆ ನೀಲಗಂಗಾ ಕಂಪ್ಯೂಟರಿನ ನಿಯಮಗಳಲ್ಲಿ ಒಂದು ಸಾಲು ಸೇರಿಸಿದ್ದರು: ದೋಷ ಕಾಣದಿದ್ದರೆ ಹಸಿರೆಂದು ತೋರಿಸುವುದು. ಅಂದಿನಿಂದ ಬಂಟ್ಯಾ ಬಂದನೆಂಬುದು ಕಂಬಕ್ಕೆ ಗೊತ್ತಾಗುತ್ತಿತ್ತು, ಅವನ ಮೂತ್ರದಲ್ಲಿ ಏನಿತ್ತೆಂಬುದು ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲ ಎಂಬ ಉತ್ತರವನ್ನೇ ಅವರ ನಕ್ಷೆ ಆರೋಗ್ಯವೆಂದು ಓದುತ್ತಿತ್ತು.

ಓದುಗರೇ, ಈ ಸಾಲನ್ನು ಬರೆದವರು ಅವರೊಬ್ಬರೇ ಎಂದು ತಿಳಿಯಬೇಡಿ. ದೂರು ಬರದಿದ್ದರೆ ಅನ್ಯಾಯವಿಲ್ಲ, ಅಳು ಕೇಳಿಸದಿದ್ದರೆ ನೋವಿಲ್ಲ ಎಂದು ನಾವೆಲ್ಲರೂ ನಮ್ಮ ನಮ್ಮ ಲೆಕ್ಕದಲ್ಲಿ ಅದನ್ನು ಬರೆದುಕೊಂಡಿದ್ದೇವೆ.

ನೀಲಗಂಗಾ ಬರಿಗಾಲಲ್ಲಿ ಓಣಿಯ ಮೂಲೆಗೆ ಓಡಿದರು. ಬೇವಿನ ಗಿಡದ ಕೆಳಗೆ ಚರ್ಮ ಕೊಯ್ಯುವ ರಂಪಿಗೆ, ದಬ್ಬಣ, ಮೇಣದ ದಾರ ಎಲ್ಲವೂ ಚೀಲದಲ್ಲೇ ಇದ್ದವು. ಆ ಬೆಳಗ್ಗೆ ಹುಲಿಗೆವ್ವ ಕೆಲಸ ಬಿಚ್ಚಿರಲಿಲ್ಲ. ತೊಡೆಯ ಮೇಲೆ ಬಂಟ್ಯಾನ ತಲೆಯಿಟ್ಟುಕೊಂಡು, ಚಮಚೆಯಿಂದ ಗಂಜಿ ಕುಡಿಸಲು ನೋಡುತ್ತಿದ್ದಳು. ಗಂಜಿ ಬಾಯಿಯ ಬದಿಯಿಂದ ಹೊರಗೆ ಇಳಿಯುತ್ತಿತ್ತು.

"ಬಂದ್ರಿ ಬಾಯಾರ? ಹಳದಿ ಬಂತೇನು?"

"ಬಂದಿಲ್ಲ ಹುಲಿಗೆವ್ವಾ."

"ಮತ್ತ ನೀವ್ಯಾಕ ಬಂದ್ರಿ?"

ನೀಲಗಂಗಾ ಕೆಸರಿನಲ್ಲಿ ಮಂಡಿಯೂರಿ ಕುಳಿತು, ಸೋಮವಾರ ನೋಡಬೇಕಾಗಿದ್ದ ಪಾದವನ್ನು ಗುರುವಾರ ನೋಡಿದರು. ಗಾಯ ಈಗ ಮೂರು ಬೆರಳಗಲವಾಗಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮೂತ್ರಪಿಂಡ ಸೋಸದೆ ರಕ್ತದಲ್ಲಿ ಉಳಿದ ಕಲ್ಮಶದ ಅಂಕಿ ಒಂದೂವರೆಯ ಒಳಗಿರಬೇಕಿತ್ತು; ಹನ್ನೊಂದನ್ನು ದಾಟಿತ್ತು. ಯಂತ್ರ ಖಾಲಿಯಿತ್ತು, ಸೋಮವಾರವೂ ಖಾಲಿಯೇ ಇತ್ತು. ಬಂಟ್ಯಾನ ಕುತ್ತಿಗೆಯ ನಾಳಕ್ಕೆ ಕೊಳವೆ ಹಾಕಿ, ಎರಡು ದಿನ ಅವನ ರಕ್ತವನ್ನು ಹೊರಗೆ ತಂದು ಸೋಸಿ ಒಳಗೆ ಬಿಟ್ಟರು. ಹುಲಿಗೆವ್ವ ಅಲ್ಲಿಯೇ ನೆಲದ ಮೇಲೆ ಕುಳಿತಿದ್ದಳು. ಕುರ್ಚಿ ಕೊಟ್ಟರೆ ಬೇಡವೆಂದಳು; ಕುರ್ಚಿಯಿಂದ ಅವನ ಮುಖ ಕಾಣುವುದಿಲ್ಲವಂತೆ.

ಶನಿವಾರ ಮಧ್ಯಾಹ್ನದವರೆಗೂ ಒಂದು ಹನಿ ಮೂತ್ರ ಬರಲಿಲ್ಲ. ನೀಲಗಂಗಾ ಬಂದು ಪಕ್ಕದಲ್ಲಿ ಕುಳಿತು, ಇನ್ನು ಯಂತ್ರದಿಂದಾಗುವ ಕೆಲಸವಿಲ್ಲವೆಂದು ಹೇಳಿದರು. ಮುಚ್ಚುಮರೆ ಮಾಡಲಿಲ್ಲ. ತಾವು ನಿಯಮಗಳಿಗೆ ಸೇರಿಸಿದ ಸಾಲಿನ ವಿಷಯವನ್ನೂ, ಕಂಬ ತೊಳೆದ ವಿಷಯವನ್ನೂ ಹೇಳಿದರು. "ತಪ್ಪ ನಂದ ಐತಿ" ಎಂದರು.

ಹುಲಿಗೆವ್ವ ಬಂಟ್ಯಾನ ಕಿವಿಯನ್ನು ಸವರಿದಳು. ಆಮೇಲೆ, "ಆ ರಬ್ಬರ ತಗೀರಿ" ಎಂದಳು.

ನೀಲಗಂಗಾ ಕೈಗವಸು ಕಳಚಿದರು. ಹುಲಿಗೆವ್ವ ಅವರ ತೋರುಬೆರಳನ್ನು ಹಿಡಿದು ಬಂಟ್ಯಾನ ಕಾಲಿನ ಮೇಲಿಟ್ಟು, ನಿಧಾನವಾಗಿ ಗಾಯದ ಕಡೆಗೆ ಸರಿಸಿದಳು.

"ಇಲ್ಲಿ ಬಿಸಿ ಐತೇನ್ರಿ?"

"ಐತಿ."

"ಈಗ?"

"ತಣ್ಣಗೈತಿ."

"ನಡುವ ಒಂದ ಗೆರಿ ಸಿಕ್ಕಿತೇನು? ಗಾಯದ ಹೊರಗ, ಕೂದಲದ ಬುಡಕ?"

"ಸಿಕ್ಕಿತು."

"ಸೋಮಾರ ಆ ಗೆರಿ ಗಾಯಕ್ಕ ಹತ್ತೇ ಇತ್ತು, ಈಗ ದೂರ ಸರದೈತಿ. ಇದನ್ನ ಮರೀಬ್ಯಾಡ್ರಿ. ಮುಂದಿನ ನಾಯಿಗೆ ಬೇಕಾಗತೈತಿ."

ಅದೇ ಸಂಜೆ ಬಂಟ್ಯಾ ಸತ್ತ. ಬೇವಿನ ಗಿಡದ ಹಿಂದೆ ಹುಲಿಗೆವ್ವ ಅವನನ್ನು ಮಣ್ಣು ಮಾಡಿದಳು. ಕಿವಿಯ ಮಣಿಯನ್ನು ಆಸ್ಪತ್ರೆಗೆ ಹಿಂದಿರುಗಿಸಿದಳು. ಸರಕಾರದ್ದು, ತನ್ನ ಬಳಿ ಇರಬಾರದು ಎಂದಳು.

ಭಾನುವಾರ ಬೆಳಗ್ಗೆ ನೀಲಗಂಗಾ ಆ ಸಾಲನ್ನು ಅಳಿಸಿದರು. ಗೋಡೆಯ ಮೇಲೆ ಅರವತ್ತನಾಲ್ಕರಲ್ಲಿ ನಲವತ್ತೊಂದು ಕಂಬಗಳು ಒಮ್ಮೆಗೇ ಬಿಳಿಯಾದವು; ಕಂಬ ತೊಳೆಯುತ್ತಿದ್ದುದು ಒಂದೇ ಓಣಿಯಲ್ಲ. ಹತ್ತಿಕಾಳ ಓಣಿಯಲ್ಲಿ ಒಂದು ಹಸಿರೂ ಉಳಿಯಲಿಲ್ಲ. ಮೇಲಿನವರಿಂದ ಫೋನು ಬಂತು: "ಊರ ಮಾನಾ ಕಳದ್ರಿ ನೀವು." ನೀಲಗಂಗಾ, "ನಮಗ ಏನ ಗೊತ್ತಿಲ್ಲೋ ಅದನ್ನ ತೋರಿಸೀನ್ರಿ" ಎಂದಷ್ಟೇ ಹೇಳಿ ಫೋನು ಇಟ್ಟರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ತಿಳಿಸಿದರು. ಗೌರವ್ವ ಮೊದಲು ಸಿಟ್ಟಾದರು. ಬೋರ್ಡು ಇಳಿಸುವ ಮಾತು ಬಂದಾಗ ಕಣ್ಣಲ್ಲಿ ನೀರು ತಂದುಕೊಂಡರು. "ನಾವೇನ ಬೇಕಂತ ಮಾಡೀವೇನು?" ಎಂದರು. ಬೇಕೆಂದು ಮಾಡಿರಲಿಲ್ಲ, ನಿಜ. ಬೇಕೆಂದು ಮಾಡದ ತಪ್ಪಿನಿಂದಲೂ ನಾಯಿ ಸಾಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: "ಆ ಹುಲಿಗೆವ್ವ ಅಂಜಿದ್ದು ಖರೇ ಆತಲ್ಲ? ಗಾಯಾ ಗುರುತು ಹಿಡಿಯೂದು ಹೆಂಗ ಅಂತ ನಮಗೂ ಹೇಳಿಕೊಡಂತ ಕರಿ ಆಕೀನ್ನ."

ಮರುದಿನ ಮುಂಜಾನೆ ಗೌರವ್ವನ ಮನೆಯ ಮುಂದೆ ಓಣಿಯ ಎಂಟು ಹತ್ತು ಹೆಣ್ಣುಮಕ್ಕಳು ಸೇರಿದರು. ಹುಲಿಗೆವ್ವ ಬಂದು ಅಂಗಳದ ಅಂಚಿನಲ್ಲಿ ನಿಂತಳು. ನಲವತ್ತು ವರ್ಷಗಳಿಂದ ಅವಳು ಆ ಮನೆಯ ಚಪ್ಪಲಿಗಳನ್ನು ಅಲ್ಲಿಯೇ ನಿಂತು ಇಸಿದುಕೊಂಡು ಹೋಗುತ್ತಿದ್ದಳು.

"ಅಲ್ಲ್ಯಾಕ ನಿಂತಿ? ಬಾರವ್ವಾ, ಕಟ್ಟಿ ಮ್ಯಾಲ ಕುಂದ್ರು" ಎಂದರು ಗೌರವ್ವ.

ಹುಲಿಗೆವ್ವ ಕಟ್ಟೆಯನ್ನು ನೋಡಿದಳು, ಮೂಲೆಯಲ್ಲಿದ್ದ ಬಕೆಟ್ಟನ್ನು ನೋಡಿದಳು.

"ನಾ ಹೋದ ಮ್ಯಾಲ ತೊಳಿಯೂದಿಲ್ಲಲ್ರಿ ಅಕ್ಕಾರ?"

ಗೌರವ್ವನ ಮುಖ ಕೆಂಪಾಯಿತು. ಅವರು ಎದ್ದು ಹೋಗಿ, ಬಕೆಟ್ಟಿನ ನೀರನ್ನು ಗಿಡಕ್ಕೆ ಚೆಲ್ಲಿ, ಅದನ್ನು ಬೋರಲು ಹಾಕಿ ಬಂದು, ಕಟ್ಟೆಯ ಮೇಲೆ ತಾವೇ ಮೊದಲು ಕುಳಿತು ಪಕ್ಕದಲ್ಲಿ ಜಾಗ ಬಿಟ್ಟರು. ಹುಲಿಗೆವ್ವ ಕುಳಿತಳು. ಓಣಿಯ ಮುದಿ ಹೆಣ್ಣುನಾಯಿಯೊಂದನ್ನು ರೊಟ್ಟಿಯ ಆಸೆ ತೋರಿಸಿ ಕರೆದು, ಅದರ ಮುಂಗಾಲನ್ನು ಎತ್ತಿ, ಗೌರವ್ವನ ಬೆರಳನ್ನು ಹಿಡಿದುಕೊಂಡಳು.

"ಇದು ನಿರೋಗಿ ತೊಗಲ್ರಿ. ಮೊದಲ ಇದನ್ನ ತಿಳ್ಕೋರಿ."

ಕಂಬ ತೊಳೆಯುವ ಪಾಳಿ ಒಂಬತ್ತು ಗಂಟೆಯ ನಂತರಕ್ಕೆ ಹೋಯಿತು, ಬರಿಯ ನೀರಿನಿಂದ. ಮುಂಜಾನೆಯ ಪಾಳಿ ಪಾದ ನೋಡುವುದಾಯಿತು. ಮುಂದಿನ ಒಂದು ತಿಂಗಳಲ್ಲಿ ಬಿಳಿಗುಂಡಿಯಲ್ಲಿ ಹನ್ನೊಂದು ನಾಯಿಗಳಿಗೆ ಕಾಲಹುಣ್ಣು ಪತ್ತೆಯಾಯಿತು. ಐದನ್ನು ಕಂಬ ಹೇಳಿತು, ಆರನ್ನು ಬೆರಳು ಹೇಳಿತು. ಎಂಟು ಬದುಕಿದವು. ಯಂತ್ರ ಅದೇ, ವೈದ್ಯರು ಅವರೇ, ಕೆಸರೂ ಅದೇ. ‘ನಿರೋಗಿ ಓಣಿ’ಯ ಬೋರ್ಡನ್ನು ಮತ್ತೆ ಯಾರೂ ಕೇಳಲಿಲ್ಲ. ಅದರ ಹಲಗೆಯನ್ನು ಹುಲಿಗೆವ್ವ ಚರ್ಮ ಕೊಯ್ಯುವ ಮಣೆಯಾಗಿ ಬಳಸುತ್ತಿದ್ದಾಳೆ. ಗೋಣಿಚೀಲ ಅವಳ ಪಕ್ಕದಲ್ಲಿಯೇ ಹಾಸಿರುತ್ತದೆ. ಬೇರೆ ನಾಯಿಯನ್ನು ಅದರ ಮೇಲೆ ಅವಳು ಇನ್ನೂ ಮಲಗಿಸಿಲ್ಲ.

ಇದು ಕಥೆ. ಇಂಥ ಕಂಬ ನಿಮ್ಮ ಬೀದಿಯಲ್ಲಿಲ್ಲ; ಬೆರಳು ನಿಮ್ಮ ಕೈಯಲ್ಲಿದೆ. ಆದ್ದರಿಂದ ಈ ಪುಟವನ್ನು ಮುಚ್ಚಿದ ಮೇಲೆ ಒಂದು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಬಾಗಿಲಲ್ಲಿ ಮಲಗುವ ನಾಯಿಯನ್ನು ಹೆಸರಿಟ್ಟು ಕರೆಯಿರಿ, ಹೆಸರಿಲ್ಲದಿದ್ದರೆ ಇಂದೇ ಒಂದನ್ನು ಇಡಿ. ಅದರ ಎದುರು ಕುಳಿತು, ಅದು ಒಪ್ಪಿದರೆ ನಾಲ್ಕೂ ಪಾದಗಳನ್ನು ಒಂದೊಂದಾಗಿ ಎತ್ತಿ ನೋಡಿ. ಕಾರಣ ತಿಳಿಯದ ಗಾಯವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ; ಅವರು ಕುರ್ಚಿಯಿಂದ ಏಳದಿದ್ದರೆ ಏಳುವವರೆಗೂ ಅಲ್ಲಿಯೇ ನಿಲ್ಲಿ. ಕೈ ಕೊಳೆಯಾಗುವುದೆಂದು ಅಂಜಬೇಡಿ.

ಮೊದಲು ನೋಡಿ. ಆಮೇಲೆ ತೊಳೆದುಕೊಳ್ಳಿ.